ಬಟಾಟೆಯ ಬಳೆ ರೋಗ: ಹುಳು, ಗಾಯ, ಬೀಜದ ಚೀಲ

ಗದಗ-ಬೆಟಗೇರಿ ಸುತ್ತಲಿನ ಎರೆಭೂಮಿ ಮತ್ತು ಮಸಾರಿ ಹೊಲಗಳು ಹತ್ತಿ, ಶೇಂಗಾ, ಉಳ್ಳಾಗಡ್ಡಿ, ಮೆಣಸಿನಕಾಯಿಗಳಿಗೆ ಹೆಸರಾದವು. ಬಟಾಟೆಯಾದರೋ ಇಲ್ಲಿನ ಸಂತೆಗಳಿಗೆ ಬಹುಮಟ್ಟಿಗೆ ಹೊರಗಿನಿಂದ ಚೀಲಗಳಲ್ಲಿ ಬಂದ ಸರಕು. ಬ್ರಿಟಿಷರ ಕಾಲದಲ್ಲಿ ಗದಗ, ಮುಂಡರಗಿಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮೀರಜ ಸಂಸ್ಥಾನಕ್ಕೂ ಒಳಪಟ್ಟಿದ್ದವು. ಹೀಗಾಗಿ ಈ ನಾಡಿನ ಬಟಾಟೆಯ ರೋಗಗಳ ಚರಿತ್ರೆಯನ್ನು ಹುಡುಕುವವರು ಮೊದಲು ಅದೇ ಪ್ರಾಂತದ ಪುಣೆಯ ಕಡೆಗೆ ತಿರುಗಬೇಕಾಗುತ್ತದೆ.

ಪುಣೆ ಜಿಲ್ಲೆಯ ಬಟಾಟೆ ಹೊಲಗಳಲ್ಲಿ ಗಿಡಗಳು ಹಸಿರಿರುವಾಗಲೇ ಬಾಡಿ ಬೀಳುತ್ತಿದ್ದುದು 1892ರಷ್ಟು ಹಿಂದೆಯೇ ಸರಕಾರಿ ಬರಹಗಳಲ್ಲಿ ದಾಖಲಾಗಿದೆ. ರೋಗ ತಗುಲಿದ ಗಡ್ಡೆಯನ್ನು ಅಡ್ಡಲಾಗಿ ಕೊಯ್ದರೆ ಸಿಪ್ಪೆಯಿಂದ ತುಸು ಒಳಗೆ, ನೀರು ಸಾಗಿಸುವ ನಾಳಗಳಿರುವಲ್ಲಿ, ಕಂದುಬಣ್ಣದ ಒಂದು ಸುತ್ತು ಕಾಣುತ್ತದೆ. ಒತ್ತಿದರೆ ಆ ಸುತ್ತಿನಿಂದ ಬೂದುಬಿಳಿಯ ಅಂಟುಹನಿಗಳು ಜಿನುಗುತ್ತವೆ. ಮರಾಠಿ ರೈತರು ಇದನ್ನು ಬಳೆ ಎಂಬ ಅರ್ಥದ ‘ಬಂಗಡಿ’ ಎಂದು ಕರೆದರು, ಮತ್ತು ಸೂಕ್ಷ್ಮದರ್ಶಕವಿಲ್ಲದ ಕಣ್ಣು ಇದಕ್ಕಿಂತ ಚೆನ್ನಾಗಿ ರೋಗವನ್ನು ಗುರುತಿಸುವುದು ಸಾಧ್ಯವಿರಲಿಲ್ಲ. ಮೈಸೂರು ಸಂಸ್ಥಾನದಲ್ಲಿ ಕೆನಡಾ ಮೂಲದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1909ರಲ್ಲಿ ಪ್ರಕಟಿಸಿದ ಪುಸ್ತಿಕೆಯ ವಿಷಯವೂ ಇದೇ ಬಳೆ ರೋಗ. ಇದರ ಕಾರಣ ಮಣ್ಣಿನಲ್ಲಿ ಬದುಕಿ, ಬೇರಿನ ಗಾಯದಿಂದ ಒಳನುಗ್ಗಿ, ನಾಳಗಳನ್ನು ಮುಚ್ಚಿಬಿಡುವ ಒಂದು ಬ್ಯಾಕ್ಟೀರಿಯ. ಅದನ್ನು 1896ರಲ್ಲಿ ವರ್ಣಿಸಿದವನು ಅಮೆರಿಕದ ಎರ್ವಿನ್ ಸ್ಮಿತ್.

ರೋಗವನ್ನು ಕೀಟಗಳು ಹರಡುತ್ತವೆಯೇ ಎಂಬ ಪ್ರಶ್ನೆಯನ್ನು ಬಟಾಟೆಯ ಮಟ್ಟಿಗೆ ಎತ್ತಿದವನೂ ಸ್ಮಿತ್‌ನೇ. ಎಲೆ ತಿನ್ನುವ ಕೊಲೊರಾಡೊ ದುಂಬಿ ರೋಗದ ಗಿಡದಿಂದ ಆರೋಗ್ಯವಂತ ಗಿಡಕ್ಕೆ ಈ ಬ್ಯಾಕ್ಟೀರಿಯವನ್ನು ಒಯ್ಯಬಲ್ಲದೆಂದು ಅವನು ತೋರಿಸಿದನು. ಅದಕ್ಕೂ ಮೊದಲು, 1891ರಲ್ಲಿ, ಪಿಯರ್ ಮರಗಳ ಬೆಂಕಿರೋಗವನ್ನು ಜೇನುನೊಣಗಳು ಹೂವಿಂದ ಹೂವಿಗೆ ಸಾಗಿಸುತ್ತವೆಂದು ವಿಜ್ಞಾನಿ ಮರ್ಟನ್ ವೇಟ್ ಕಂಡುಕೊಂಡಿದ್ದನು. ಆದರೆ ಕೊಲೊರಾಡೊ ದುಂಬಿ ಭಾರತದಲ್ಲಿಲ್ಲ. ಇಲ್ಲಿಗೆ ಬಂದದ್ದು ಇನ್ನೊಂದು ಕೀಟ.

ಬಟಾಟೆ ಗಡ್ಡೆಯ ಪತಂಗ 1906ರಲ್ಲಿ ಇಟಲಿಯಿಂದ ತರಿಸಿದ ಬೀಜದ ಗಡ್ಡೆಗಳೊಂದಿಗೆ ಮುಂಬಯಿ ಪ್ರಾಂತಕ್ಕೆ ಕಾಲಿಟ್ಟಿತು. ಬೂದುಬಣ್ಣದ ಈ ಸಣ್ಣ ಪತಂಗ ಗಡ್ಡೆಯ ಕಣ್ಣುಗಳ ಬಳಿ ತತ್ತಿ ಇಡುತ್ತದೆ, ಮರಿಹುಳು ಕಣ್ಣಿನಿಂದಲೇ ಕೊರೆದು ಒಳಸೇರುತ್ತದೆ, ಆ ತೂತಿನ ಬಾಯಲ್ಲಿ ಕಪ್ಪು ಹಿಕ್ಕೆ ಗುಂಪಾಗಿ ನಿಲ್ಲುತ್ತದೆ. ಕೊರೆದ ಸುರಂಗದಲ್ಲಿ ಕೊಳೆಸುವ ಬ್ಯಾಕ್ಟೀರಿಯಗಳು ನೆಲೆಯೂರಿ, ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿಟ್ಟಿರುವ ಪೆಕ್ಟಿನ್ ಎಂಬ ದ್ರವ್ಯವನ್ನು ಕರಗಿಸುವುದರಿಂದ, ಗಟ್ಟಿ ಗಡ್ಡೆ ನಾರುವ ಅಂಬಲಿಯಂತಾಗುತ್ತದೆ. ಇಲ್ಲಿ ಹುಳುವನ್ನು ರೋಗದ ವಾಹಕವೆನ್ನುವುದಕ್ಕಿಂತ ರೋಗಕ್ಕೆ ಬಾಗಿಲು ತೆರೆಯುವ ಜೀವಿಯೆನ್ನುವುದೇ ಸರಿ. ನಿಜವಾದ ವಾಹಕತ್ವ ಮನುಷ್ಯನ ಕೈಯಲ್ಲಿತ್ತು: ಹೊರಗೆ ನಿರೋಗಿಯಾಗಿ ಕಾಣುವ ಬೀಜದ ಗಡ್ಡೆ ಬಳೆ ರೋಗವನ್ನು ಊರಿಂದೂರಿಗೆ ಒಯ್ದಿತು, ಬಿತ್ತನೆಗೆಂದು ಹೋಳು ಮಾಡುವ ಚಾಕು ಅದನ್ನು ಗಡ್ಡೆಯಿಂದ ಗಡ್ಡೆಗೆ ದಾಟಿಸಿತು, ಪತಂಗವೂ ಅಂಥದೇ ಬೀಜದ ಚೀಲದಲ್ಲಿ ಸಮುದ್ರ ದಾಟಿತು.

ಪುಣೆಯಲ್ಲಿ ಕೃಷಿ ವಿಜ್ಞಾನಿ ಹೆರಾಲ್ಡ್ ಮ್ಯಾನ್ ಮತ್ತು ಅವರ ಸಂಗಡಿಗರು 1920ರ ಹೊತ್ತಿಗೆ ಪಶ್ಚಿಮ ಭಾರತದ ಬಟಾಟೆ ಬೇಸಾಯವನ್ನು ಕುರಿತ ತಮ್ಮ ವಿಸ್ತಾರವಾದ ಅಧ್ಯಯನವನ್ನು ಪ್ರಕಟಿಸಿದರು. ಆ ಕಾಲದಲ್ಲಿ ಪತಂಗದ ವಿರುದ್ಧ ರೈತನಿಗೆ ಒದಗಿದ ಉಪಾಯಗಳು ಬಹಳ ಸರಳವಾದವು. ಪತಂಗ ಹಾರಾಡುವುದು ಮುಸ್ಸಂಜೆಯ ನಂತರವಾದ್ದರಿಂದ ಅಗೆದ ಗಡ್ಡೆಯನ್ನು ರಾತ್ರಿ ಹೊಲದಲ್ಲಿ ಬಿಡಬಾರದು, ಕೂಡಿಟ್ಟ ಬೀಜದ ಮೇಲೆ ಒಣ ಮರಳನ್ನು ಹರಡಬೇಕು. ಆದರೆ ರಾಶಿಯನ್ನು ಬಟಾಟೆಯ ಒಣಬಳ್ಳಿಯಿಂದಲೇ ಮುಚ್ಚಿದರೆ ಕೇಡು ತಪ್ಪದು, ಏಕೆಂದರೆ ಎಲೆಯೊಳಗಿನ ಮರಿಹುಳುಗಳು ಬಳ್ಳಿ ಒಣಗುತ್ತಿದ್ದಂತೆ ಕೆಳಗಿಳಿದು ಗಡ್ಡೆಗಳನ್ನು ಸೇರುತ್ತವೆ.