ಸೂರ್ಯಚಂದ್ರರಿರುವವರೆಗೆ

ಇಂಗ್ಲಿಷಿನ ‘ಫಾರೆವರ್’ ಎಂಬ ಕ್ರಿಯಾವಿಶೇಷಣವನ್ನು ಕನ್ನಡಿಸಿರೆಂದರೆ ನನ್ನ ತರಗತಿಯ ಹುಡುಗರು ‘ಶಾಶ್ವತವಾಗಿ’ ಎಂದು ಬರೆದು ಮುಗಿಸುತ್ತಾರೆ. ತಪ್ಪಲ್ಲ. ಆದರೆ ನಂಜನಗೂಡು, ತಿರುಮಕೂಡಲು ನರಸೀಪುರ ಸೀಮೆಯ ನಮ್ಮ ಹಿರಿಯರು ಅದನ್ನು ಬೇರೆ ಬಗೆಯಲ್ಲಿ ನುಡಿದಿದ್ದರು.

ಬಿ. ಎಲ್. ರೈಸ್ ಅವರು 1894ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟದಲ್ಲಿ ಈ ಎರಡು ತಾಲ್ಲೂಕುಗಳ ಶಾಸನಗಳೂ ಸೇರಿವೆ. ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮಾತು ‘ಆಚಂದ್ರಾರ್ಕ’. ಚಂದ್ರಸೂರ್ಯರು ಇರುವವರೆಗೆ ಎಂದರ್ಥ. ಓದು ಬಾರದವನಿಗೂ ತಿಳಿಯುವಂತೆ ಎಷ್ಟೋ ಕಲ್ಲುಗಳ ನೆತ್ತಿಯಲ್ಲಿ ಅವರಿಬ್ಬರ ಚಿತ್ರವೂ ಉಂಟು.

ಬರೆಸಿದವರು ಕಲ್ಲೊಂದನ್ನೇ ನಂಬಿದ್ದರೆ? ಇಲ್ಲ. ಧರ್ಮವನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಬರುವುದೆಂಬ ಶಾಪವನ್ನೂ ಕೊನೆಗೆ ಸೇರಿಸುತ್ತಿದ್ದರು. ಗಂಗರ ರಾಜಧಾನಿ ತಲಕಾಡಿನ ಗುಡಿಗಳೇ ಮರಳಿನಡಿ ಹೂತುಹೋದ ಸೀಮೆಯಿದು. ಇಂಗ್ಲಿಷಿನ ಮಾತು ಕಾಲವನ್ನು ಹೇಳುತ್ತದೆ. ಶಾಸನದ ಮಾತು ಮುಂದಿನವರಿಗೆ ಹೊಣೆಯನ್ನು ಹೊರಿಸುತ್ತದೆ.

ಒಮ್ಮೆ ನಂಜನಗೂಡಿನ ಬಳಿಯ ಹಳ್ಳಿಯೊಂದರಲ್ಲಿ ಬಟ್ಟೆ ಒಗೆಯುವ ಕಲ್ಲನ್ನು ಉಜ್ಜಿ ನೋಡಿದೆ. ಅಕ್ಷರಗಳು ಸವೆದಿದ್ದವು, ಚಂದ್ರನೊಬ್ಬ ಉಳಿದಿದ್ದ. “ಏನ್ ಬರ್ದದೆ ಸಾಮಿ?” ಎಂದರು ಒಗೆಯುತ್ತಿದ್ದ ಅಜ್ಜಿ.

“ಕಾಪಾಡಿ ಅಂತ ಬರೆದಿದ್ದಾರೆ ತಾಯಿ” ಎಂದೆ.

ಅಜ್ಜಿ ಒದ್ದೆ ಬಟ್ಟೆಗಳನ್ನು ಕಲ್ಲಿನಿಂದ ತೆಗೆದು ಪಕ್ಕಕ್ಕಿಟ್ಟರು.