ಐದೇ ಪಾಯಿಂಟಲ್ಲಿ ಸೋತ ಫೈನಲ್

ಫ್ರೆಂಡ್ಸ್, ಈ ಸಲದ ಕಥೆ ಟೆನಿಸ್‌ದು. ಅದೂ ಡಬಲ್ಸ್. ‘ಅಯ್ಯೋ, ಡಬಲ್ಸ್ ಯಾರ್ ನೋಡ್ತಾರೆ’ ಅಂತ ಸ್ಕ್ರೋಲ್ ಮಾಡ್ಬೇಡಿ, ಒಂದ್ನಿಮಿಷ ಇರಿ.

2010ರ ಸೆಪ್ಟೆಂಬರ್ 10, ಶುಕ್ರವಾರ. ನ್ಯೂಯಾರ್ಕಿನ ಆರ್ಥರ್ ಆಶ್ ಸ್ಟೇಡಿಯಂನಲ್ಲಿ ಯುಎಸ್ ಓಪನ್ ಪುರುಷರ ಡಬಲ್ಸ್ ಫೈನಲ್. ನೆಟ್‌ನ ಒಂದು ಕಡೆ ಅಮೆರಿಕದ ಬಾಬ್ ಮತ್ತು ಮೈಕ್ ಬ್ರಯಾನ್. ಅವಳಿ ಜವಳಿ, ಒಬ್ಬರು ಎಡಗೈ, ಒಬ್ಬರು ಬಲಗೈ. ಹುಟ್ಟಿದಾಗಿಂದ ಜೊತೆಗಿರೋರನ್ನ ಡಬಲ್ಸಲ್ಲಿ ಸೋಲಿಸೋದು ಹೇಗೆ ಹೇಳಿ! ಇನ್ನೊಂದು ಕಡೆ ನಮ್ಮ ಕೊಡಗಿನ ರೋಹನ್ ಬೋಪಣ್ಣ. ಅವರ ಪಕ್ಕದಲ್ಲಿ ಲಾಹೋರಿನ ಐಸಾಮ್ ಉಲ್ ಹಕ್ ಖುರೇಷಿ.

ಹೌದು, ಇಂಡಿಯಾ, ಪಾಕಿಸ್ತಾನ ಇಬ್ಬರೂ ನೆಟ್‌ನ ಒಂದೇ ಕಡೆ.

ಆ ಕಾಲ ಹೇಗಿತ್ತು ಅಂತ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಆಗ ನಾವೆಲ್ಲ ತುಂಬಾ ಚಿಕ್ಕವರು. 2008ರ ನವೆಂಬರಲ್ಲಿ ಮುಂಬೈ ದಾಳಿ. 2009ರ ಮಾರ್ಚಲ್ಲಿ ಲಾಹೋರಿನಲ್ಲಿ ಶ್ರೀಲಂಕಾ ಕ್ರಿಕೆಟಿಗರ ಬಸ್ ಮೇಲೆ ಗುಂಡು. 2010ರ ಜನವರಿಯ ಐಪಿಎಲ್ ಹರಾಜಲ್ಲಿ ಪಾಕಿಸ್ತಾನದ 11 ಆಟಗಾರರಿದ್ರು. ಹಿಂದಿನ ವರ್ಷವಷ್ಟೇ ಟಿ20 ವಿಶ್ವಕಪ್ ಗೆದ್ದಿದ್ದ ದೇಶದವರು. ಒಬ್ಬರಿಗೂ ಒಂದು ಬಿಡ್ ಬರಲಿಲ್ಲ.

ಅಂಥ ವರ್ಷದಲ್ಲಿ ಇವರಿಬ್ಬರೂ ಊರೂರು ಸುತ್ತಿ ಜೊತೆಯಾಗಿ ಆಡ್ತಿದ್ರು. ಇಬ್ಬರೂ ಹುಟ್ಟಿದ್ದು 1980ರ ಮಾರ್ಚಲ್ಲೇ, ಬೋಪಣ್ಣ 4ಕ್ಕೆ, ಐಸಾಮ್ 17ಕ್ಕೆ. ಬೋಪಣ್ಣ ಕಾಫಿ ತೋಟದ ಮನೆಯ ಹುಡುಗ. (ಕೊಡಗಲ್ಲಿ ಮಕ್ಕಳ ಕೈಗೆ ಹಾಕಿ ಸ್ಟಿಕ್ ಸಿಗೋದೇ ಜಾಸ್ತಿ, ಇವರ ಕೈಗೆ ರಾಕೆಟ್ ಬಂತು!) ಐಸಾಮ್‌ಗೆ ಟೆನಿಸ್ ಮನೆಯಿಂದಲೇ ಬಂದಿದ್ದು. ಅವರ ತಾಯಿಯ ತಂದೆ ಖ್ವಾಜಾ ಇಫ್ತಿಖಾರ್ ಅಹ್ಮದ್ ದೇಶ ವಿಭಜನೆಗೆ ಮುಂಚೆ ಅಖಿಲ ಭಾರತ ಚಾಂಪಿಯನ್. ಅಂದ್ರೆ ಅಜ್ಜ ಆಡಿದ್ದ ದೇಶ ಮೊಮ್ಮಗನ ಕಾಲಕ್ಕೆ ಎರಡಾಗಿತ್ತು.

ಐಸಾಮ್‌ಗೆ ಇಂಥ ಜೋಡಿ ಹೊಸದೇನಲ್ಲ. 2002ರಲ್ಲಿ ಇಸ್ರೇಲಿನ ಅಮೀರ್ ಹದಾದ್ ಜೊತೆ ವಿಂಬಲ್ಡನ್ ಆಡಿದ್ದಕ್ಕೆ ಅವರ ದೇಶದಲ್ಲೇ ನಿಷೇಧದ ಬೆದರಿಕೆ ಬಂದಿತ್ತು. ಆದ್ರೂ ಎಂಟು ವರ್ಷ ಆದ್ಮೇಲೆ ಭಾರತದವರ ಜೊತೆ ಕೋರ್ಟಿಗಿಳಿದ್ರು.

ಡಬಲ್ಸ್ ಆಡಿ ನೋಡಿದ್ದೀರಾ? ನಿಮ್ಮ ಜೋಡಿ ಹಿಂದಿನಿಂದ ಸರ್ವ್ ಮಾಡ್ತಿರ್ತಾರೆ, ನೀವು ನೆಟ್ ಹತ್ರ ಅವರಿಗೆ ಬೆನ್ನು ಹಾಕಿ ನಿಂತಿರ್ತೀರಿ. ಬಾಲು ಕಿವಿ ಪಕ್ಕದಲ್ಲೇ ಸುಂಯ್ ಅಂತ ಹೋಗುತ್ತೆ. ತಿರುಗಿ ನೋಡೋ ಹಾಗಿಲ್ಲ. ಅದರಲ್ಲೂ ಬೋಪಣ್ಣ ಅವರ ಸರ್ವ್ ಅಂದ್ರೆ ಗುಂಡು. ಖುರೇಷಿ ವರ್ಷಪೂರ್ತಿ ಹಾಗೆ ಬೆನ್ನು ಕೊಟ್ಟು ನಿಂತಿದ್ರು.

ಆ ಟೂರ್ನಿಯಲ್ಲಿ 64 ಜೋಡಿ, ಇವರು 16ನೇ ಶ್ರೇಯಾಂಕ. ಎರಡನೇ ಶ್ರೇಯಾಂಕದ ನೆಸ್ಟರ್–ಝಿಮೋಂಜಿಕ್ ಜೋಡಿಯನ್ನೇ ಮನೆಗೆ ಕಳಿಸಿ ಫೈನಲ್ ತಲುಪಿದ್ರು. ಫೈನಲ್ ನೋಡೋಕೆ ವಿಶ್ವಸಂಸ್ಥೆಯಲ್ಲಿದ್ದ ಎರಡೂ ದೇಶದ ರಾಯಭಾರಿಗಳು ಬಂದಿದ್ರು, ಹರ್ದೀಪ್ ಸಿಂಗ್ ಪುರಿ ಮತ್ತು ಅಬ್ದುಲ್ಲಾ ಹುಸೇನ್ ಹಾರೂನ್. ಕೂತಿದ್ದು ಅಕ್ಕಪಕ್ಕ. ಮಾತುಕತೆಯ ಮೇಜಲ್ಲಾದ್ರೆ ಇವರು ಎದುರುಬದುರು ಕೂರೋರು.

ಸ್ಕೋರ್ 7-6, 7-6. ಗೆದ್ದಿದ್ದು ಬ್ರಯಾನ್ ಸೋದರರು. ಮೊದಲ ಟೈಬ್ರೇಕ್ 7-5, ಎರಡನೇದು 7-4. ಲೆಕ್ಕ ಹಾಕಿ, ಎರಡೂ ಟೈಬ್ರೇಕಲ್ಲಿ ಸೇರಿ ಐದೇ ಪಾಯಿಂಟ್ ವ್ಯತ್ಯಾಸ. ಪಾಪ ಐಸಾಮ್, ಹಿಂದಿನ ದಿನ ಮಿಕ್ಸೆಡ್ ಡಬಲ್ಸ್ ಫೈನಲಲ್ಲೂ ಇದೇ ಬಾಬ್ ಬ್ರಯಾನ್ ಎದುರು ಸೋತಿದ್ರು!

ಆಮೇಲೆ ಐಸಾಮ್ ಮೈಕ್ ತಗೊಂಡ್ರು. ಮರುದಿನ 9/11 ದಾಳಿಗೆ ಒಂಬತ್ತು ವರ್ಷ, ಜಾಗ ಅದೇ ನ್ಯೂಯಾರ್ಕ್. ಪಾಕಿಸ್ತಾನ ಅಂದ್ರೆ ಭಯೋತ್ಪಾದಕರ ದೇಶ ಅನ್ನೋ ತಪ್ಪು ಕಲ್ಪನೆ ಇಲ್ಲಿದೆ, ನಾವೂ ನಿಮ್ಮಷ್ಟೇ ಶಾಂತಿ ಬಯಸೋರು ಅನ್ನೋ ಅರ್ಥದಲ್ಲಿ ಮಾತಾಡಿದ್ರು. ಸ್ಟೇಡಿಯಂ ತುಂಬಾ ಚಪ್ಪಾಳೆ. ನನ್ನ ಕೇಳಿದ್ರೆ, ಆ ದಿನ ಟ್ರೋಫಿ ಎತ್ತಿದವರಿಗಿಂತ ಜಾಸ್ತಿ ಧೈರ್ಯ ತೋರಿಸಿದ್ದು ಸೋತ ಈ ಮನುಷ್ಯ.

ವಾಘಾ ಗಡಿಗೆ ಅಡ್ಡವಾಗಿ ನೆಟ್ ಕಟ್ಟಿ, ಒಬ್ಬರು ಆ ದೇಶದಲ್ಲಿ, ಒಬ್ಬರು ಈ ದೇಶದಲ್ಲಿ ನಿಂತು ಒಂದು ಮ್ಯಾಚ್ ಆಡ್ಬೇಕು ಅನ್ನೋದು ಇಬ್ಬರ ಆಸೆಯಾಗಿತ್ತು. ಆಗಲೇ ಇಲ್ಲ. 2011ರ ಕೊನೆಗೆ ಜೋಡಿಯೂ ಬೇರೆಯಾಯ್ತು. ಆಮೇಲೆ 2014ರಲ್ಲಿ ಮತ್ತೆ ಜೋಡಿಯಾಗಿ ಆಡಿದ್ರು.

ಬೋಪಣ್ಣ ಮಾತ್ರ ಬಿಡಲಿಲ್ಲ. 2024ರ ಜನವರಿ 27ಕ್ಕೆ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ರು, ಮ್ಯಾಥ್ಯೂ ಎಬ್ಡೆನ್ ಜೊತೆ. ವಯಸ್ಸು 43!

ಸರಿಯಾಗಿ ಒಂದು ವಾರಕ್ಕೆ ಭಾರತದ ಡೇವಿಸ್ ಕಪ್ ತಂಡ ಇಸ್ಲಾಮಾಬಾದಲ್ಲಿ ಆಡ್ತು. ಪಾಕಿಸ್ತಾನಕ್ಕೆ ನಮ್ಮ ತಂಡ ಹೋಗಿದ್ದು 60 ವರ್ಷದ ನಂತರ. ಐಸಾಮ್ ಇನ್ನೂ ಆಡ್ತಿದ್ರು. ಮೊದಲ ಸಿಂಗಲ್ಸಲ್ಲೇ ಇಳಿದು, ರಾಮ್‌ಕುಮಾರ್ ರಾಮನಾಥನ್ ಎದುರು ಮೂರು ಸೆಟ್ ಹೋರಾಡಿ ಸೋತ್ರು. ಬೋಪಣ್ಣ ಆ ತಂಡದಲ್ಲಿರಲಿಲ್ಲ. ಹಿಂದಿನ ಸೆಪ್ಟೆಂಬರಲ್ಲೇ ಡೇವಿಸ್ ಕಪ್‌ಗೆ ವಿದಾಯ ಹೇಳಿದ್ರು.