ಅಂಕ ಯಾರದು, ಶಾಲೆಯದೋ ಬಡಾವಣೆಯದೋ?

ಚಿಕ್ಕ ಮಕ್ಕಳಿರುವ ದಂಪತಿ ಅಮೆರಿಕದ ಉಪನಗರವೊಂದರಲ್ಲಿ ಮನೆ ಕೊಳ್ಳಲು ಹೊರಟರೆ, ಮನೆಯ ಬೆಲೆಯಷ್ಟೇ ಕಾಳಜಿಯಿಂದ ವಿಚಾರಿಸುವ ಇನ್ನೊಂದು ಸಂಗತಿಯಿದೆ. ಆ ಮನೆ ಯಾವ ಪ್ರಾಥಮಿಕ ಶಾಲೆಯ ಎಲ್ಲೆಯೊಳಗೆ ಬರುತ್ತದೆ? ಆ ಶಾಲೆಗೆ ಎಷ್ಟು ಅಂಕ? ಅಲ್ಲಿಗೆ ಹೋಗಿ ನೆಲೆಸಿದ ಕನ್ನಡಿಗರ ಮನೆಗಳಲ್ಲೂ ಇದೇ ಮಾತು. ಊರಿನಿಂದ ಬಂದ ಅಜ್ಜ ಅಜ್ಜಿಯರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಸರ್ಕಾರಿ ಶಾಲೆಗೆ ಮಗುವನ್ನು ಸೇರಿಸಲೆಂದು ಯಾರಾದರೂ ದುಬಾರಿ ಬಡಾವಣೆಯಲ್ಲಿ ಮನೆ ಹುಡುಕುತ್ತಾರೆಯೇ?

ಹುಡುಕುತ್ತಾರೆ. ಏಕೆಂದರೆ ಅಲ್ಲಿ ಸಾಮಾನ್ಯವಾಗಿ ಮನೆಯ ವಿಳಾಸವೇ ಮಗುವಿನ ಶಾಲೆಯನ್ನು ನಿರ್ಧರಿಸುತ್ತದೆ. ಸಾರ್ವಜನಿಕ ಶಾಲೆಗೆ ಶುಲ್ಕವಿಲ್ಲ. ಅದನ್ನು ನಡೆಸುವುದು ‘ಶಾಲಾ ಜಿಲ್ಲೆ’ ಎಂಬ ಸ್ಥಳೀಯ ಆಡಳಿತ. ಅದರ ಖರ್ಚಿನಲ್ಲಿ ದೊಡ್ಡದೊಂದು ಪಾಲು ಆಯಾ ಊರಿನ ಆಸ್ತಿ ತೆರಿಗೆಯಿಂದಲೇ ಬರುತ್ತದೆ. ಹೀಗಾಗಿ ಶಾಲೆಯ ಹೆಸರು ಮನೆಯ ಬೆಲೆಗೂ, ಮನೆಯ ಬೆಲೆ ಶಾಲೆಯ ಬೊಕ್ಕಸಕ್ಕೂ ಗಂಟುಬಿದ್ದಿವೆ. ಆದರೆ ಶಾಲೆ ಒಳ್ಳೆಯದೆಂದು ಹೇಳುವ ಆ ಅಂಕ ನಿಜಕ್ಕೂ ಏನನ್ನು ಅಳೆಯುತ್ತದೆ? ಈ ಪ್ರಶ್ನೆಗೆ ನೂರೆಪ್ಪತ್ತು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಅದರ ಮುಖ್ಯ ಘಟನೆಗಳಲ್ಲಿ ಹಲವು ನಡೆದದ್ದು ಬಾಸ್ಟನ್ ನಗರದ ಆಸುಪಾಸಿನಲ್ಲೇ.

1845ಕ್ಕೆ ಮೊದಲು ಬಾಸ್ಟನ್ನಿನಲ್ಲಿ ಶಾಲಾ ತಪಾಸಣೆ ಎಂದರೆ ಒಂದು ಬಗೆಯ ಉತ್ಸವ. ಸಮಿತಿಯ ದೊಡ್ಡ ಮನುಷ್ಯರು ಬರುತ್ತಿದ್ದರು, ಮೇಷ್ಟ್ರು ಚುರುಕಾದ ಮಕ್ಕಳನ್ನು ಎಬ್ಬಿಸಿ ನಿಲ್ಲಿಸುತ್ತಿದ್ದರು, ಮಕ್ಕಳು ಬಾಯಿಪಾಠ ಒಪ್ಪಿಸುತ್ತಿದ್ದರು, ಎಲ್ಲರೂ ತೃಪ್ತಿಯಿಂದ ಮನೆಗೆ ಹೋಗುತ್ತಿದ್ದರು. ಆಗ ಮ್ಯಾಸಚೂಸೆಟ್ಸ್ ರಾಜ್ಯದ ಶಿಕ್ಷಣ ಮಂಡಳಿಯ ಕಾರ್ಯದರ್ಶಿಯಾಗಿದ್ದವನು ಹೊರೇಸ್ ಮ್ಯಾನ್. ಬಾಸ್ಟನ್ನಿನ ಮೇಷ್ಟ್ರುಗಳಿಗೂ ಅವನಿಗೂ ಎಣ್ಣೆ ಸೀಗೆಕಾಯಿ. ಅವನ ಸ್ನೇಹಿತ ಸ್ಯಾಮ್ಯುಯೆಲ್ ಗ್ರಿಡ್ಲಿ ಹೋವ್ ತಪಾಸಣಾ ಸಮಿತಿಗೆ ಸೇರಿದ ವರ್ಷ ಹಳೆಯ ಪದ್ಧತಿ ತಲೆಕೆಳಗಾಯಿತು. ಸಮಿತಿ ಮುನ್ಸೂಚನೆ ಕೊಡದೆ ಅಚ್ಚಾದ ಪ್ರಶ್ನೆಪತ್ರಿಕೆಗಳೊಂದಿಗೆ ಶಾಲೆಗಳಿಗೆ ಹೋಗಿ, ಮೇಲಿನ ತರಗತಿಯ ಸುಮಾರು 500 ಮಕ್ಕಳಿಂದ ಉತ್ತರ ಬರೆಸಿತು. ಸರಾಸರಿ ಮೂರನೆಯ ಒಂದು ಭಾಗದಷ್ಟೂ ಸರಿ ಬರಲಿಲ್ಲ. ಯಾವ ಶಾಲೆಗೆ ಎಷ್ಟು ಎಂಬ ಪಟ್ಟಿಯೂ ಅಚ್ಚಾಯಿತು. ಶಾಲೆಗಳನ್ನು ಅಂಕದ ಏಣಿಯ ಮೇಲೆ ಒಂದರ ಕೆಳಗೊಂದು ನಿಲ್ಲಿಸುವ ಅಭ್ಯಾಸ ಅಮೆರಿಕದಲ್ಲಿ ಶುರುವಾದದ್ದು ಹೆಚ್ಚುಕಡಿಮೆ ಅಲ್ಲಿಂದ. ಅದು ಹುಟ್ಟಿದ್ದೇ ಒಂದು ಜಗಳದಲ್ಲಿ ಎಂಬುದನ್ನು ಗಮನಿಸಬೇಕು.

ಕ್ವಿನ್ಸಿಯ ಪರೀಕ್ಷೆ

ಇದಕ್ಕಿಂತ ಕುತೂಹಲದ ಕಥೆ ಬಾಸ್ಟನ್ನಿನ ದಕ್ಷಿಣಕ್ಕೆ ಹತ್ತು ಮೈಲಿಯೊಳಗಿರುವ ಕ್ವಿನ್ಸಿಯದು. ಗ್ರಾನೈಟ್ ಕಲ್ಲಿಗೆ ಹೆಸರಾದ ಈ ಊರು ಅಮೆರಿಕಕ್ಕೆ ಇಬ್ಬರು ಅಧ್ಯಕ್ಷರನ್ನು ಕೊಟ್ಟ ಆಡಮ್ಸ್ ಮನೆತನದ ನೆಲೆ. ರೈಲು ಬಂದ ಮೇಲೆ ಅದು ಬಾಸ್ಟನ್ನಿನ ಮಗ್ಗುಲ ಊರಾಯಿತು. 1870ರ ದಶಕದಲ್ಲಿ ಅದರ ಶಾಲಾ ಸಮಿತಿಯಲ್ಲಿ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸನ ಮೊಮ್ಮಕ್ಕಳಿಬ್ಬರಿದ್ದರು. ಅವರಲ್ಲಿ ಚಾರ್ಲ್ಸ್ ಫ್ರಾನ್ಸಿಸ್ ಆಡಮ್ಸ್ ರಾಜ್ಯದ ರೈಲ್ವೆ ಆಯೋಗದ ಸದಸ್ಯ. ರೈಲು ಕಂಪೆನಿಗಳ ಲೆಕ್ಕ ಕೆದಕಿ ಅಭ್ಯಾಸವಿದ್ದವನು. ಲೆಕ್ಕ ಕೊಡುವವನೇ ಲೆಕ್ಕ ಪರಿಶೋಧಿಸಬಾರದು ಎಂಬ ತಿಳಿವಳಿಕೆ ಅವನಿಗಿತ್ತು.

ಅಲ್ಲಿಯವರೆಗೆ ಕ್ವಿನ್ಸಿಯಲ್ಲೂ ವರ್ಷದ ಪರೀಕ್ಷೆ ನಡೆಸುತ್ತಿದ್ದವರು ಆಯಾ ತರಗತಿಯ ಶಿಕ್ಷಕರೇ. ಸಮಿತಿಯವರು ಕುಳಿತು ನೋಡುತ್ತಿದ್ದರು. 1873ರಲ್ಲಿ ಸಮಿತಿ ಪರೀಕ್ಷೆಯನ್ನು ತಾನೇ ನಡೆಸಲು ತೀರ್ಮಾನಿಸಿತು. ಮಾಡಿದ್ದು ಬಹಳ ಸರಳ. ಮಕ್ಕಳು ಪಠ್ಯಪುಸ್ತಕವನ್ನು ನೀರು ಕುಡಿದಂತೆ ಓದುತ್ತಿದ್ದರು. ಅವರಿಗೆ ಹಿಂದೆಂದೂ ನೋಡದ ಬರಹವೊಂದನ್ನು ಕೊಟ್ಟು ಓದಲು ಹೇಳಿದರು. ವ್ಯಾಕರಣದ ಸೂತ್ರಗಳನ್ನು ಮಕ್ಕಳು ಪಟಪಟನೆ ಒಪ್ಪಿಸುತ್ತಿದ್ದರು. ಅವರಿಗೆ ಒಂದು ಸಾಧಾರಣ ಕಾಗದ ಬರೆಯಲು ಹೇಳಿದರು. ಬಹಳಷ್ಟು ಮಕ್ಕಳು ತಡವರಿಸಿದರು. ವರ್ಷಗಟ್ಟಲೆ ಶಾಲೆಗೆ ಬಂದವರಿಗೆ ಓದು ಬಂದಿರಲಿಲ್ಲ. ಬಂದದ್ದು ಒಂದು ಪುಸ್ತಕ ಮಾತ್ರ.

ಮೇಷ್ಟ್ರುಗಳು ಸೋಮಾರಿಗಳೆಂದು ಆಡಮ್ಸ್ ಸೋದರರು ದೂರಲಿಲ್ಲ. ತಪ್ಪು ಪದ್ಧತಿಯದೆಂದು ಒಪ್ಪಿ, ಅದನ್ನು ಬದಲಿಸಬಲ್ಲವನೊಬ್ಬನನ್ನು ಹುಡುಕಿದರು. 1875ರಲ್ಲಿ ಸೂಪರಿಂಟೆಂಡೆಂಟ್ ಆಗಿ ಬಂದವನು ಫ್ರಾನ್ಸಿಸ್ ವೇಲ್ಯಾಂಡ್ ಪಾರ್ಕರ್. ಅಂತರ್ಯುದ್ಧದಲ್ಲಿ ಕಾದಿ ಕರ್ನಲ್ ಎನಿಸಿಕೊಂಡಿದ್ದವನು, ಜರ್ಮನಿಗೆ ಹೋಗಿ ಅಲ್ಲಿನ ಹೊಸ ಬೋಧನಾ ಕ್ರಮಗಳನ್ನು ಕಂಡು ಆಗತಾನೆ ಮರಳಿದ್ದವನು. ಅವನು ಕಾಗುಣಿತದ ಪುಸ್ತಕವನ್ನು ಪಕ್ಕಕ್ಕಿಟ್ಟ. ಪತ್ರಿಕೆಗಳೂ ಮಾಸಿಕಗಳೂ ತರಗತಿಯೊಳಕ್ಕೆ ಬಂದವು. ಮಕ್ಕಳು ಬೆಟ್ಟ, ಕಣಿವೆಗಳನ್ನು ಜೇಡಿಮಣ್ಣಿನಲ್ಲಿ ಮಾಡಿ ಭೂಗೋಳ ಕಲಿತರು. ಲೆಕ್ಕ ಕಲಿಯಲು ಸೂತ್ರಕ್ಕಿಂತ ಮೊದಲು ಕೈಗೆ ಎಣಿಸುವ ವಸ್ತುಗಳು ಸಿಕ್ಕವು.

ಇದನ್ನು ನೋಡಲು ದೇಶದ ಮೂಲೆಮೂಲೆಯಿಂದ ಜನ ಬಂದರು. ‘ಕ್ವಿನ್ಸಿ ಪದ್ಧತಿ’ ಎಂಬ ಹೆಸರೂ ಹುಟ್ಟಿತು. ಪಾರ್ಕರ್ ಮಾತ್ರ ಇದರಲ್ಲಿ ಹೊಸತೇನೂ ಇಲ್ಲ, ಬಲ್ಲವರು ಹೇಳಿದ್ದನ್ನೇ ಮಾಡುತ್ತಿದ್ದೇನೆ ಎನ್ನುತ್ತಿದ್ದ. ಮೆಚ್ಚಿದವರಷ್ಟೇ ಬೈದವರೂ ಇದ್ದರು: ಆಟದಲ್ಲಿ ಕಾಲ ಕಳೆಯುತ್ತಿದ್ದಾರೆ, ಮಕ್ಕಳಿಗೆ ಓದು, ಬರಹ, ಲೆಕ್ಕ ಬರುವುದಿಲ್ಲ ಎಂಬುದು ಅವರ ಆರೋಪ. ಇಂದಿಗೂ ಹೊಸ ಬಗೆಯ ಯಾವ ಶಾಲೆಯೂ ಈ ಮಾತಿನಿಂದ ತಪ್ಪಿಸಿಕೊಂಡಿಲ್ಲ.

ವಾದ ಬಗೆಹರಿಸಲು ಮತ್ತೆ ಹೊರಗಿನವರೇ ಬರಬೇಕಾಯಿತು. 1879ರಲ್ಲಿ ರಾಜ್ಯ ಶಿಕ್ಷಣ ಮಂಡಳಿಯವರು ಕ್ವಿನ್ಸಿ ಸೇರಿರುವ ನಾರ್ಫೋಕ್ ಕೌಂಟಿಯ ಊರುಗಳ ಮಕ್ಕಳಿಗೆಲ್ಲ ಒಂದೇ ಬಗೆಯ ಪರೀಕ್ಷೆ ಕೊಟ್ಟರು. ಓದು, ಬರಹ, ಕಾಗುಣಿತ ಮೂರರಲ್ಲೂ ಕ್ವಿನ್ಸಿಯ ಮಕ್ಕಳದೇ ಮೇಲುಗೈ. ಕಾಗುಣಿತದ ಪುಸ್ತಕವನ್ನು ಮೂಲೆಗೆ ಹಾಕಿದ ಊರಿಗೆ ಕಾಗುಣಿತದಲ್ಲಿ ಗೆಲುವು! ಗಣಿತದಲ್ಲಿ ಮಾತ್ರ ನಾಲ್ಕನೆಯ ಸ್ಥಾನ. ಅಂಕದ ಸದುಪಯೋಗವೆಂದರೆ ಇದು. ಇಲ್ಲಿ ಅಂಕ ಒಂದು ಊಹಾಪೋಹಕ್ಕೆ ಉತ್ತರ ಕೊಟ್ಟಿತೇ ಹೊರತು ಬಡಾವಣೆಯ ಬೆಲೆ ಕಟ್ಟಲಿಲ್ಲ.

ಅಂಕಕ್ಕೆ ಹಣ ಕಟ್ಟಿದಾಗ

ಅದೇ ಕಾಲಕ್ಕೆ ಇಂಗ್ಲೆಂಡಿನಲ್ಲಿ ಬೇರೊಂದು ಪ್ರಯೋಗ ನಡೆದಿತ್ತು. 1862ರ ನಿಯಮದ ಪ್ರಕಾರ ಇನ್ಸ್‌ಪೆಕ್ಟರು ಬಂದು ಓದು, ಬರಹ, ಲೆಕ್ಕ ಪರೀಕ್ಷಿಸಬೇಕು; ಪಾಸಾದ ಮಕ್ಕಳ ಲೆಕ್ಕದ ಮೇಲೆ ಶಾಲೆಗೆ ಅನುದಾನ. ಕವಿ ಮ್ಯಾಥ್ಯೂ ಆರ್ನಾಲ್ಡ್ ಸ್ವತಃ ಇನ್ಸ್‌ಪೆಕ್ಟರ್ ಆಗಿದ್ದವನು. ಇದು ಶಾಲೆಯನ್ನು ಯಂತ್ರ ಮಾಡುತ್ತದೆ ಎಂದು ವರ್ಷವರ್ಷವೂ ವರದಿಗಳಲ್ಲಿ ಗೋಳಾಡಿದ. ಮಕ್ಕಳು ಇಡೀ ಪುಸ್ತಕವನ್ನು ಉರು ಹೊಡೆದು ‘ಓದಿ’ ತೋರಿಸುತ್ತಿದ್ದರು. ಕ್ವಿನ್ಸಿಯಲ್ಲಿ ಬಯಲಾದ ರೋಗವೇ ಇಲ್ಲಿ ಸಂಬಳ ಪಡೆಯುತ್ತಿತ್ತು. ಕನ್ನಡ ನಾಡಿಗೂ ಈ ಗಾಳಿ ತಟ್ಟದೆ ಇರಲಿಲ್ಲ: ಮಂಗಳೂರು, ಬಳ್ಳಾರಿಗಳು ಸೇರಿದ್ದ ಮದರಾಸು ಪ್ರಾಂತದಲ್ಲೂ ಧಾರವಾಡ ಸೇರಿದ್ದ ಮುಂಬಯಿ ಪ್ರಾಂತದಲ್ಲೂ 19ನೇ ಶತಮಾನದ ಉತ್ತರಾರ್ಧದಲ್ಲಿ ‘ಫಲಿತಾಂಶಕ್ಕೆ ತಕ್ಕ ಅನುದಾನ’ದ ಪದ್ಧತಿ ಬಂದಿತ್ತು. ಇನ್ಸ್‌ಪೆಕ್ಟರ್ ಸಾಹೇಬರ ಸವಾರಿ ಬರುತ್ತದೆಂದರೆ ಶಾಲೆ ನಡುಗುತ್ತಿದ್ದುದರ ಹಿಂದೆ ಹಣದ ಭಯವೂ ಇತ್ತು. ಇಂಗ್ಲೆಂಡ್ 1890ರ ದಶಕದಲ್ಲಿ ಅದನ್ನು ಕೈಬಿಟ್ಟಿತು.

ಅಮೆರಿಕದಲ್ಲಿ ಮುಂದಿನ ಹೆಜ್ಜೆ ಇಟ್ಟವನು ಮಕ್ಕಳ ವೈದ್ಯ ಜೋಸೆಫ್ ಮೇಯರ್ ರೈಸ್. 1892ರಲ್ಲಿ 36 ನಗರಗಳ ಶಾಲೆಗಳಲ್ಲಿ ಕುಳಿತು ನೋಡಿ, ಅಲ್ಲಿನ ಕಂಠಪಾಠದ ದರ್ಬಾರನ್ನು ಪತ್ರಿಕೆಯಲ್ಲಿ ಬರೆದ. ಬರೀ ನೋಡಿ ಬರೆದರೆ ಜನ ನಂಬುವುದಿಲ್ಲವೆಂದು ಕಂಡ ಮೇಲೆ ಸುಮಾರು 33 ಸಾವಿರ ಮಕ್ಕಳಿಗೆ ಕಾಗುಣಿತದ ಪರೀಕ್ಷೆ ಕೊಟ್ಟ. ದಿನಕ್ಕೆ ಮುಕ್ಕಾಲು ಗಂಟೆ ಕಾಗುಣಿತ ತಿದ್ದಿದ ಶಾಲೆಯ ಮಕ್ಕಳು ಕಾಲು ಗಂಟೆ ತಿದ್ದಿದವರಿಗಿಂತ ಮುಂದೇನೂ ಇರಲಿಲ್ಲ. ಶಿಕ್ಷಣಾಧಿಕಾರಿಗಳು ಅವನ ಮೇಲೆ ಹರಿಹಾಯ್ದರು.

ಎರಡನೆಯ ಮಹಾಯುದ್ಧದ ನಂತರ ಉಪನಗರಗಳು ಹಬ್ಬಿದವು. ಕಾರು, ಹೆದ್ದಾರಿ, ಸುಲಭದ ಗೃಹಸಾಲ ಎಲ್ಲ ಸೇರಿ ಬಿಳಿಯ ಮಧ್ಯಮವರ್ಗವನ್ನು ನಗರದಿಂದ ಹೊರಗೆ ಒಯ್ದವು. ಅನೇಕ ಕಡೆ ಕರಿಯರಿಗೆ ಅಲ್ಲಿ ಮನೆ ಮಾರುತ್ತಿರಲಿಲ್ಲ. ಶಾಲೆಯ ಎಲ್ಲೆ ಹೀಗೆ ಜಾತಿಯ ಗೋಡೆಯಂತಾಯಿತು. ಅದರ ಹಣಕಾಸಿನ ಮುಖ ಬಯಲಾದದ್ದು ಟೆಕ್ಸಾಸಿನ ಸ್ಯಾನ್ ಆಂಟೋನಿಯೊದಲ್ಲಿ. ಅಲ್ಲಿನ ಎಜ್‌ವುಡ್ ಎಂಬ ಬಡ ಶಾಲಾ ಜಿಲ್ಲೆಯಲ್ಲಿ ಮೆಕ್ಸಿಕೊ ಮೂಲದವರೇ ಹೆಚ್ಚು. ಅದರ ಹತ್ತಿರದಲ್ಲೇ ಸ್ಥಿತಿವಂತರ ಅಲಾಮೊ ಹೈಟ್ಸ್. 1967-68ರಲ್ಲಿ ಎಜ್‌ವುಡ್‌ನವರು ಕಟ್ಟುತ್ತಿದ್ದ ತೆರಿಗೆಯ ದರವೇ ಹೆಚ್ಚು. ಆದರೆ ಮನೆಗಳಿಗೆ ಬೆಲೆಯಿಲ್ಲದ್ದರಿಂದ ಎಲ್ಲ ಮೂಲಗಳಿಂದ ಮಗುವೊಂದಕ್ಕೆ ಸಿಕ್ಕಿದ್ದು 356 ಡಾಲರ್. ಅಲಾಮೊ ಹೈಟ್ಸ್‌ನಲ್ಲಿ 594. ಎಜ್‌ವುಡ್‌ನ ಪೋಷಕರು ಸುಪ್ರೀಂ ಕೋರ್ಟಿನವರೆಗೂ ಹೋದರು. 1973ರಲ್ಲಿ ಐದಕ್ಕೆ ನಾಲ್ಕು ಮತಗಳಿಂದ ಸೋತರು. ಸಂವಿಧಾನ ಇದನ್ನು ತಡೆಯುವುದಿಲ್ಲ ಎಂಬುದು ಬಹುಮತದ ತೀರ್ಪು.

ಹಣ ಸಮವಾದರೆ ಕಲಿಕೆಯೂ ಸಮವಾಗುತ್ತದೆಯೇ? 1964ರ ನಾಗರಿಕ ಹಕ್ಕುಗಳ ಕಾಯಿದೆಯಂತೆ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ನೇತೃತ್ವದಲ್ಲಿ ನಡೆದ ಸಮೀಕ್ಷೆ ಸುಮಾರು 4 ಸಾವಿರ ಶಾಲೆಗಳ 6 ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿತ್ತು. 1966ರಲ್ಲಿ ಬಂದ ಅದರ ವರದಿ ಎಲ್ಲರನ್ನೂ ಬೆಚ್ಚಿಬೀಳಿಸಿತು. ಮಕ್ಕಳ ಅಂಕಗಳಲ್ಲಿನ ವ್ಯತ್ಯಾಸಕ್ಕೆ ಶಾಲೆಯ ಕಟ್ಟಡ, ಪ್ರಯೋಗಾಲಯ, ಪುಸ್ತಕಗಳಿಗಿಂತ ಮಗುವಿನ ಮನೆಯೇ ದೊಡ್ಡ ಕಾರಣ ಎಂದು ಅದು ಹೇಳಿತು. ಶಾಲೆಯಿಂದ ಏನೂ ಆಗುವುದಿಲ್ಲ ಎಂದು ಕೆಲವರು ಇದನ್ನು ತಿರುಚಿದರು. ವರದಿ ಹೇಳಿದ್ದು ಅದಲ್ಲ. ಒಳ್ಳೆಯ ಶಿಕ್ಷಕರಿಂದ ಹೆಚ್ಚು ಪ್ರಯೋಜನವಾಗುವುದು ಅನುಕೂಲವಿಲ್ಲದ ಮನೆಯ ಮಗುವಿಗೇ ಎಂಬುದೂ ಅದರಲ್ಲಿತ್ತು. ಆದರೆ ಒಂದು ಮಾತು ಸ್ಪಷ್ಟವಾಯಿತು. ಶಾಲೆಯ ಸರಾಸರಿ ಅಂಕ ನೋಡಿ ಶಾಲೆಯನ್ನು ಮೆಚ್ಚುವವರು ಬಹುಪಾಲು ಮೆಚ್ಚುತ್ತಿರುವುದು ಸುತ್ತಲಿನ ಮನೆಗಳನ್ನು.

ಇದನ್ನು ತಿಳಿದ ಮೇಲೂ ಮಾರುಕಟ್ಟೆ ಬದಲಾಗಲಿಲ್ಲ. ಅರ್ಥಶಾಸ್ತ್ರಜ್ಞೆ ಸಾಂಡ್ರಾ ಬ್ಲ್ಯಾಕ್ 1999ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಆರಿಸಿಕೊಂಡದ್ದು ಬಾಸ್ಟನ್ ಸುತ್ತಲಿನ ಉಪನಗರಗಳನ್ನೇ. ಅವರ ಉಪಾಯ ಸೊಗಸಾದದ್ದು. ಒಂದೇ ಊರು, ಒಂದೇ ತೆರಿಗೆ, ಆದರೆ ನಡುವೆ ಎರಡು ಪ್ರಾಥಮಿಕ ಶಾಲೆಗಳ ಎಲ್ಲೆ ಹಾದುಹೋಗಿದೆ. ಅದರ ಈಚೆಯ ಮನೆಗೂ ಆಚೆಯ ಮನೆಗೂ ಬೆಲೆಯಲ್ಲಿ ಎಷ್ಟು ಅಂತರ? ನಾಲ್ಕನೆಯ ತರಗತಿಯ ಪರೀಕ್ಷೆಯ ಅಂಕ ಶೇಕಡಾ 5ರಷ್ಟು ಹೆಚ್ಚಿದ್ದರೆ ಪೋಷಕರು ಮನೆಗೆ ಶೇಕಡಾ 2.5ರಷ್ಟು ಹೆಚ್ಚು ಕೊಡಲು ಸಿದ್ಧರಿದ್ದರು ಎಂದು ಕಂಡುಬಂತು. ಹತ್ತು ವರ್ಷದ ಮಕ್ಕಳ ಉತ್ತರಪತ್ರಿಕೆ ಮನೆಯ ಕ್ರಯಪತ್ರದಲ್ಲಿ ಸೇರಿಹೋಗಿತ್ತು.

ಆಮೇಲೆ ಬಂದದ್ದು ಕೇಂದ್ರ ಸರ್ಕಾರದ ಕಾನೂನು. ‘ಯಾವ ಮಗುವೂ ಹಿಂದೆ ಉಳಿಯಬಾರದು’ ಎಂಬ ಹೆಸರಿನ ಕಾಯಿದೆಗೆ 2002ರ ಜನವರಿಯಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಸಹಿ ಹಾಕಿದರು. ಮೂರರಿಂದ ಎಂಟನೆಯ ತರಗತಿಯವರೆಗೆ ವರ್ಷಕ್ಕೊಮ್ಮೆ ಪರೀಕ್ಷೆ. 2014ರೊಳಗೆ ಎಲ್ಲ ಮಕ್ಕಳೂ ನಿಗದಿತ ಮಟ್ಟ ಮುಟ್ಟಬೇಕು. ಮುಟ್ಟದ ಶಾಲೆಗೆ ಶಿಸ್ತುಕ್ರಮ. ಬಡವರ, ಕರಿಯರ, ವಲಸಿಗರ ಮಕ್ಕಳ ಅಂಕಗಳನ್ನು ಬೇರೆಯಾಗಿ ತೋರಿಸಬೇಕೆಂಬ ನಿಯಮ ಮಾತ್ರ ಒಳ್ಳೆಯದಾಗಿತ್ತು. ಸರಾಸರಿಯ ಹಿಂದೆ ಅಡಗಿಕೊಳ್ಳುತ್ತಿದ್ದ ಶ್ರೀಮಂತ ಉಪನಗರಗಳೂ ಅದರಿಂದ ಉತ್ತರ ಹೇಳಬೇಕಾಯಿತು. ಉಳಿದದ್ದು ನಿರೀಕ್ಷಿಸಿದಂತೆಯೇ ಆಯಿತು. 2011ರ ಹೊತ್ತಿಗೆ ದೇಶದ ಸುಮಾರು ಅರ್ಧದಷ್ಟು ಶಾಲೆಗಳು ಗುರಿ ತಪ್ಪಿದ್ದವು. 2015ರಲ್ಲಿ ಬೇರೆ ಕಾಯಿದೆ ಬಂದು, ಶಿಸ್ತುಕ್ರಮದ ಹೊಣೆ ರಾಜ್ಯಗಳಿಗೆ ಮರಳಿತು.

ಇಷ್ಟೊಂದು ಪರೀಕ್ಷೆಗಳ ರಾಶಿಯಿಂದ ಒಂದು ಉಪಯೋಗವಂತೂ ಆಯಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಾನ್ ರಿಯರ್ಡನ್ ಸುಮಾರು 11 ಸಾವಿರ ಶಾಲಾ ಜಿಲ್ಲೆಗಳ ಅಂಕಗಳನ್ನು ಜೋಡಿಸಿ ಬೇರೊಂದು ಪ್ರಶ್ನೆ ಕೇಳಿದರು. ಮಕ್ಕಳು ಎಲ್ಲಿದ್ದಾರೆ ಎಂದಲ್ಲ. ಮೂರನೆಯ ತರಗತಿಯಲ್ಲಿ ಎಲ್ಲಿದ್ದವರು ಎಂಟನೆಯ ತರಗತಿಗೆ ಬರುವಾಗ ಎಷ್ಟು ದೂರ ನಡೆದಿದ್ದಾರೆ? 2017ರಲ್ಲಿ ಪ್ರಕಟವಾದ ಉತ್ತರ ಮನೆ ಕೊಳ್ಳುವವರ ನಂಬಿಕೆಯನ್ನು ಅಲುಗಿಸುವಂತಿದೆ. ಕೆಟ್ಟ ಶಾಲೆಗಳ ಊರೆಂದು ದಶಕಗಳಿಂದ ಹೆಸರು ಕೆಡಿಸಿಕೊಂಡಿದ್ದ ಷಿಕಾಗೊ ನಗರದಲ್ಲಿ, 2009ರಿಂದ 2014ರ ನಡುವೆ, ಮಕ್ಕಳು ಐದು ವರ್ಷಗಳಲ್ಲಿ ಆರು ವರ್ಷಗಳಷ್ಟು ಕಲಿತಿದ್ದರು. ಮೂರನೆಯ ತರಗತಿಯ ಅಂಕಕ್ಕೂ ಆಮೇಲಿನ ಪ್ರಗತಿಗೂ ಹೇಳಿಕೊಳ್ಳುವಂಥ ಸಂಬಂಧವೇ ಇರಲಿಲ್ಲ. ಮೇಲಿನಿಂದಲೇ ಹೊರಟು ನಿಧಾನವಾಗಿ ನಡೆದ ಸಿರಿವಂತ ಊರುಗಳೂ ಇದ್ದವು. ಅವುಗಳ ಸರಾಸರಿ ಮಾತ್ರ ಎತ್ತರದಲ್ಲೇ ಇತ್ತು.

ಶಾಲೆಗಳಿಗೆ 1ರಿಂದ 10ರವರೆಗೆ ಅಂಕ ಕೊಡುವ ಗ್ರೇಟ್‌ಸ್ಕೂಲ್ಸ್ ಎಂಬ ಸಂಸ್ಥೆ 1998ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದದ್ದು. ಮನೆ ಮಾರುವವರು ಅದನ್ನೇ ಎತ್ತಿ ಹಾಕುತ್ತಾರೆ. ಬಹುಕಾಲ ಅದು ಮುಖ್ಯವಾಗಿ ಪರೀಕ್ಷೆಯ ಅಂಕಗಳನ್ನೇ ನೆಚ್ಚಿತ್ತು. ಟೀಕೆ ಜೋರಾದ ಮೇಲೆ, 2017ರಲ್ಲೂ ಮತ್ತೆ 2020ರಲ್ಲೂ ಲೆಕ್ಕ ತಿದ್ದಿ ಮಕ್ಕಳ ಪ್ರಗತಿಗೆ ಹೆಚ್ಚು ತೂಕ ಕೊಟ್ಟಿತು. ಎಲ್ಲಿ ಯಾವುದಕ್ಕೆ ಎಷ್ಟು ತೂಕ ಎಂಬ ವಿವರಣೆಯನ್ನು ಹುಡುಕಿಕೊಂಡು ಹೋದವರು ಓದಬಹುದು. ಮನೆಯ ಚಿತ್ರದ ಪಕ್ಕದಲ್ಲಿ ಕಾಣುವುದು ಇಂದಿಗೂ ಒಂದೇ ಅಂಕಿ.